ಮಾತಿಲ್ಲದ ನಗೆಯ ಹಿಂದೆ

ಸಿನಿಮಾದ ಒಂದು ಮೂಲೆಯಲ್ಲಿ ಬಂದು ಹೋದ ಪಾತ್ರ ಮುಂದೆ ಬೇರೆ ಸಂಸಾರ ಹೂಡಿ, ತವರುಮನೆಯಷ್ಟೇ ದೊಡ್ಡ ಹೆಸರು ಮಾಡುವುದು ಅಪರೂಪ. ಇಂಗ್ಲೆಂಡಿನ ಒಂದು ಕುರಿ ಆ ಕೆಲಸ ಮಾಡಿತು. 1995ರಲ್ಲಿ, ಮನೆಮಂದಿಯೆಲ್ಲ ಕೂತು ನೋಡುವಂಥ ಅರ್ಧ ಗಂಟೆಯ ಒಂದು ಚಿತ್ರದಲ್ಲಿ ಅದು ಮೊದಲು ಕಾಣಿಸಿಕೊಂಡಿತು. 2007ರಲ್ಲಿ ತನ್ನದೇ ಹೆಸರಿನ ಹಾಸ್ಯ ಸರಣಿಗೆ ನಾಯಕನಾಯಿತು. 'ಶಾನ್ ದ ಶೀಪ್' ಎಂಬ ಆ ಸರಣಿ ಈಗ ನಮ್ಮ ಊರುಗಳ ಮಕ್ಕಳಿಗೂ ಗೊತ್ತು. ಬಿಳಿ ಮೈ, ಕಪ್ಪು ಮುಖದ ಒಂದು ಕುರಿ ಎರಡು ಕಾಲಿನ ಮೇಲೆ ನಿಂತು ಓಡಾಡುವುದನ್ನು ಮನೆಯ ಮಕ್ಕಳ ಕೈಯಲ್ಲಿನ ಫೋನಿನಲ್ಲಿ ನೀವೂ ನೋಡಿರಬಹುದು.

ಒಂದೊಂದು ಕಂತೂ ಸುಮಾರು ಏಳು ನಿಮಿಷ. ಮಾಸಿ ಬಾಟಮ್ ಎಂಬ ಫಾರ್ಮಿನಲ್ಲಿ ಒಂದು ಕುರಿಮಂದೆ. ಅದನ್ನು ಕಾಯಲು ಬಿಟ್ಜರ್ ಎಂಬ ನಾಯಿ. ಅದರ ಕೊರಳಲ್ಲಿ ಸೀಟಿ, ಕೈಯಲ್ಲಿ ಹಾಜರಿ ಹಾಕುವ ಹಾಳೆ. ಥೇಟು ನಮ್ಮ ಡ್ರಿಲ್ ಮಾಸ್ತರರ ಹಾಗೆ! ಫಾರ್ಮಿನ ಯಜಮಾನ ಒಬ್ಬ ರೈತ. ಅವನ ಕನ್ನಡಕ ಎಷ್ಟು ದಪ್ಪವೋ ಅವನ ಗಮನ ಅಷ್ಟೇ ಮೊಂಡು, ಕಣ್ಣೆದುರಿನದೂ ಕಾಣಿಸದು. ಅವನು ಬೆನ್ನು ತಿರುಗಿಸಿದ್ದೇ ತಡ, ಕುರಿಗಳು ಎದ್ದು ನಿಂತು ತಮ್ಮ ಬದುಕು ಶುರು ಮಾಡುತ್ತವೆ. ಮೊದಲ ಕಂತಿನಲ್ಲಿ ಮೇವಿಗೆ ಬಂದ ಎಲೆಕೋಸನ್ನೇ ಚೆಂಡು ಮಾಡಿಕೊಂಡು ಫುಟ್‌ಬಾಲ್ ಆಡುತ್ತವೆ. ಮಂದೆಯಲ್ಲಿ ಶರ್ಲಿ ಎಂಬ ಭಾರೀ ಗಾತ್ರದ ಕುರಿಯಿದ್ದಾಳೆ. ಏನು ಕಳೆದರೂ ಅವಳ ಉಣ್ಣೆಯೊಳಗೆ ಹುಡುಕಿದರೆ ಸಿಗುತ್ತದೆ. ಬಾಯಲ್ಲಿ ನಿಪ್ಪಲ್ ಇಟ್ಟುಕೊಂಡ ಟಿಮ್ಮಿ ಎಂಬ ಮರಿಯಿದೆ. ಅದರ ತಾಯಿ ಯಾವಾಗಲೂ ತಲೆಗೂದಲಿಗೆ ಸುರುಳಿ ಸುತ್ತಿಕೊಂಡೇ ಇರುತ್ತಾಳೆ. ಸಿಂಗಾರ ಮುಗಿಸುವಷ್ಟು ಬಿಡುವು ಆಕೆಗೆ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ.

ಮುಕ್ಕಾಲು ಪಾಲು ಕಥೆಗಳು ಒಂದೇ ರೀತಿ ಮುಗಿಯುತ್ತವೆ. ರೈತ ಬಾಗಿಲು ತೆರೆಯುವ ಸದ್ದಾಗುತ್ತದೆ. ಅಷ್ಟರೊಳಗೆ ಮುರಿದದ್ದು ಕೂಡಿಸಿ, ಹರಡಿದ್ದು ಎತ್ತಿಟ್ಟು, ಎಲ್ಲ ಕುರಿಗಳೂ ನಾಲ್ಕು ಕಾಲಿನ ಮೇಲೆ ನಿಂತು ಹುಲ್ಲು ಮೇಯುತ್ತಿರಬೇಕು. ಬೀದಿಯಲ್ಲಿ ಸ್ಕೂಟರಿನ ಸದ್ದು ಕೇಳಿಸಿದೊಡನೆ ಹರಟೆ ನಿಲ್ಲಿಸಿ, ದಿವಾನದ ಮೇಲಿನ ದಿಂಬು ಸರಿಮಾಡಿದ ನಮ್ಮ ಪೀಳಿಗೆಯ ಹೆಂಗಸರಿಗೆ ಇದರ ಸ್ವಾರಸ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೇಳಬೇಕಾದದ್ದು ಬೇರೊಂದಿದೆ. ಈ ಸರಣಿಯಲ್ಲಿ ಮಾತೇ ಇಲ್ಲ. ಕುರಿಗಳು 'ಬ್ಯಾ' ಎನ್ನುತ್ತವೆ, ನಾಯಿ ಗುರುಗುಟ್ಟುತ್ತದೆ. ಮನುಷ್ಯನಾದ ರೈತನೂ ಯಾವ ಭಾಷೆಗೂ ಸೇರದ ಹಾಗೆ ಗೊಣಗುತ್ತಾನೆ. ಆದರೂ ಕಥೆ ತಿಳಿಯದೆ ಹೋಗುವುದಿಲ್ಲ, ನಗು ತಪ್ಪುವುದಿಲ್ಲ. ಹಾಸ್ಯವೆಂದರೆ ಮಾತಿನ ಚಟಾಕಿ ಎಂದೇ ತಿಳಿದ ನನಗೆ ಇದು ಸೋಜಿಗವಾಗಿ ಕಂಡಿತು. ಮಾತಿಲ್ಲದ ಈ ಜಾಣ್ಮೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ, ಇತಿಹಾಸ ಕುರಿಯ ವಯಸ್ಸಿಗಿಂತ ಬಹಳ ಹಿಂದಕ್ಕೆ ಕರೆದೊಯ್ಯುತ್ತದೆ. ಅದರ ಒಂದು ಎಳೆ ಚಿತ್ರಕಲಾ ಮಾಸ್ತರರೊಬ್ಬರ ತರಗತಿಯಲ್ಲಿದೆ. ಇನ್ನೊಂದು ಎಳೆ ಕಿವಿ ಕೇಳಿಸದ ಮಕ್ಕಳಿಗಾಗಿ ಮಾಡಿದ ಟಿ.ವಿ. ಕಾರ್ಯಕ್ರಮದಲ್ಲಿದೆ.

ಮೊದಲು ಮಾಸ್ತರರ ವಿಷಯ. ಇಂಗ್ಲೆಂಡಿನ ಪಶ್ಚಿಮ ಭಾಗದ ಬಾತ್ ನಗರದಲ್ಲಿ ವಿಲಿಯಂ ಹಾರ್ಬಟ್ ಎಂಬವರು ಚಿತ್ರಕಲೆ ಕಲಿಸುತ್ತಿದ್ದರು. ಅಲ್ಲಿನ ಕಲಾಶಾಲೆಗೆ ಮುಖ್ಯೋಪಾಧ್ಯಾಯರಾಗಿದ್ದು, ಆಮೇಲೆ ಸ್ವಂತ ಶಾಲೆ ನಡೆಸಿದವರು. ಮೂರ್ತಿ ಮಾಡಲು ಕಲಿಯುವ ವಿದ್ಯಾರ್ಥಿಗಳಿಗೆ ಜೇಡಿಮಣ್ಣಿನ ಕಾಟ ಇದ್ದೇ ಇತ್ತು. ಅದು ಭಾರ, ಬೇಗ ಒಣಗುತ್ತದೆ, ಒಣಗಿದ ಮೇಲೆ ತಿದ್ದಲು ಬರುವುದಿಲ್ಲ. ಕಲಿಯುವವರಿಗೆ ಬೇಕಾದದ್ದು ಮತ್ತೆ ಮತ್ತೆ ತಿದ್ದಲು ಬರುವ ಮಣ್ಣು. ಹಾರ್ಬಟ್ 1897ರಲ್ಲಿ ಅಂಥದೊಂದು ಮಣ್ಣನ್ನು ಕಲೆಸಿ ತಯಾರಿಸಿದರು. ನೀರಿನ ಬದಲು ಜಿಡ್ಡಿನ ಪದಾರ್ಥ ಹಾಕಿದ್ದರಿಂದ ಅದು ಗಾಳಿಗೆ ಒಣಗುತ್ತಿರಲಿಲ್ಲ. ಅದಕ್ಕೆ ಪ್ಲಾಸ್ಟಿಸಿನ್ ಎಂದು ಹೆಸರಿಟ್ಟು, 1899ರಲ್ಲಿ ಹಕ್ಕುಪತ್ರ ಪಡೆದು, ಮರುವರ್ಷ ಬಾತ್ ಪಕ್ಕದ ಬಾತ್‌ಹ್ಯಾಂಪ್ಟನ್ ಹಳ್ಳಿಯಲ್ಲಿ ಕಾರ್ಖಾನೆ ತೆರೆದರು. ಮೊದಲಿನ ಮಣ್ಣು ಬರೀ ಬೂದುಬಣ್ಣದ್ದು. ಅಂಗಡಿಗೆ ಬಂದಾಗ ನಾಲ್ಕು ಬಣ್ಣಗಳಲ್ಲಿ ಬಂತು. ನಮ್ಮ ಒಂದನೆಯ ತರಗತಿಯ ಮಕ್ಕಳು 'ಕ್ಲೇ' ಎಂದು ಡಬ್ಬಿಯಿಂದ ತೆಗೆದು ಹಾವು, ಲಡ್ಡು ಮಾಡುತ್ತಾರಲ್ಲ, ಅದು ಇದೇ ವಂಶದ್ದು. ತಿದ್ದಿಕೊಳ್ಳುವ ಅವಕಾಶ ಇರಲೆಂದು ಒಬ್ಬ ಉಪಾಧ್ಯಾಯ ಮಾಡಿದ ವಸ್ತು ಅದು ಎಂಬುದು ನನಗೆ ಹೆಮ್ಮೆಯ ಸಂಗತಿ.

ಇನ್ನು ಎರಡನೆಯ ಎಳೆ. ಬಿ.ಬಿ.ಸಿ. ಟಿ.ವಿ. 1950ರ ದಶಕದಿಂದಲೇ ಕಿವುಡ ಮಕ್ಕಳಿಗಾಗಿ ಒಂದು ಕಾರ್ಯಕ್ರಮ ಕೊಡುತ್ತಿತ್ತು. ತೆರೆಯ ಮೇಲಿನ ಅಕ್ಷರಗಳನ್ನು ಮಕ್ಕಳು ಓದಿಕೊಳ್ಳಲೆಂದು ಅದು ನಿಧಾನವಾಗಿ ಸಾಗುತ್ತಿತ್ತು. ಅರ್ಸುಲಾ ಈಸನ್ ಎಂಬ ಮಹಿಳೆ ಮತ್ತು ಪ್ಯಾಟ್ರಿಕ್ ಡೌಲಿಂಗ್ ಎಂಬವರು ಆ ಕಾರ್ಯಕ್ರಮದ ಜಾಗಕ್ಕೆ ಹೊಸದೊಂದನ್ನು ರೂಪಿಸಿದರು. 1964ರಲ್ಲಿ ಶುರುವಾದ ಅದರ ಹೆಸರು 'ವಿಷನ್ ಆನ್'. ಕಿವಿ ಕೇಳಿಸದ ಮಗುವಿಗೆ ಬೇಕಾದದ್ದು ನಿಧಾನದ ಪಾಠವಲ್ಲ. ಕಣ್ಣಿಗೆ ಹಬ್ಬವಾಗುವ ಚಿತ್ರ, ಚುರುಕು, ತಮಾಷೆ, ಕಲ್ಪನೆಗೆ ರೆಕ್ಕೆ – ಇದು ಅವರ ನಿಲುವು. ಪ್ಯಾಟ್ ಕೀಸೆಲ್ ಎಂಬಾಕೆ ಮಾತಿನ ಜೊತೆಗೇ ಕೈಸನ್ನೆಯ ಭಾಷೆಯಲ್ಲಿ ಅದನ್ನು ನಡೆಸಿಕೊಡುತ್ತಿದ್ದರು. ಟೋನಿ ಹಾರ್ಟ್ ಚಿತ್ರ ಬರೆದು ತೋರಿಸುತ್ತಿದ್ದರು. ಮಕ್ಕಳು ಅಂಚೆಯಲ್ಲಿ ಕಳಿಸಿದ ಚಿತ್ರಗಳನ್ನು ತೆರೆಯ ಮೇಲೆ ತೂಗುಹಾಕುತ್ತಿದ್ದರು. ನಡುನಡುವೆ ಮಾತಿಲ್ಲದ ಪುಟ್ಟ ಕಾರ್ಟೂನುಗಳು. ಮುಂದೆ ಆದದ್ದೇನೆಂದರೆ, ಕಿವಿ ಚೆನ್ನಾಗಿ ಕೇಳಿಸುವ ಮಕ್ಕಳೂ ಇದರ ಮುಂದೆ ಬಂದು ಕುಳಿತರು. 1976ರವರೆಗೆ, ಹನ್ನೆರಡು ವರ್ಷ ಅದು ನಡೆಯಿತು.

ಈ ಕಾರ್ಯಕ್ರಮಕ್ಕೆ ಕಾರ್ಟೂನು ಒದಗಿಸಿದವರಲ್ಲಿ ಇಬ್ಬರು ಹುಡುಗರಿದ್ದರು. ಪೀಟರ್ ಲಾರ್ಡ್ ಮತ್ತು ಡೇವಿಡ್ ಸ್ಪ್ರಾಕ್ಸ್‌ಟನ್ ಶಾಲೆಯ ಗೆಳೆಯರು. ಡೇವಿಡ್‌ನ ತಂದೆಯ ಹತ್ತಿರ 16 ಎಂ.ಎಂ. ಕ್ಯಾಮೆರಾ ಇತ್ತು. ಅದನ್ನಿಟ್ಟುಕೊಂಡು ಇಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಚಿತ್ರಗಳನ್ನು ಕುಣಿಸುವ ಪ್ರಯೋಗ ನಡೆಸಿದರು. ಆ ಅಡುಗೆಮನೆಯ ತಾಯಿ ಏನೆಂದರೋ! ಸೂಪರ್‌ಮ್ಯಾನನನ್ನು ಅಣಕಿಸುವ ಪೆದ್ದು ವೀರನೊಬ್ಬನನ್ನು ಬರೆದು, ಅವನಿಗೆ ಆರ್ಡ್‌ಮನ್ ಎಂದು ಹೆಸರಿಟ್ಟರು. ಆ ತುಣುಕನ್ನು 'ವಿಷನ್ ಆನ್' ಕೊಂಡುಕೊಂಡಿತು. 1972ರಲ್ಲಿ ಅದೇ ಹೆಸರು ಅವರ ಕಂಪನಿಯ ಹೆಸರಾಯಿತು. ಗೀಟು ಎಳೆಯುವ ಚಿತ್ರಕ್ಕಿಂತ ಪ್ಲಾಸ್ಟಿಸಿನ್ ಗೊಂಬೆ ತಮ್ಮ ಕೈಗೆ ಒಗ್ಗುತ್ತದೆ ಎಂದು ಅವರಿಗೆ ಬೇಗ ತಿಳಿಯಿತು. 1976ರಲ್ಲಿ ಬ್ರಿಸ್ಟಲ್ ನಗರಕ್ಕೆ ಬಂದು ನೆಲೆಸಿದರು. ಹಾರ್ಬಟ್ ಮಾಸ್ತರರ ಬಾತ್ ಅಲ್ಲಿಂದ ಸುಮಾರು 20 ಕಿಲೋಮೀಟರ್. 1977ರಲ್ಲಿ ಟೋನಿ ಹಾರ್ಟ್ ಅವರ ಹೊಸ ಕಾರ್ಯಕ್ರಮಕ್ಕಾಗಿ ಮಾರ್ಫ್ ಎಂಬ ಬೊಂಬೆಯನ್ನು ಮಾಡಿದರು. ಮಾರ್ಫ್ ಆಡುವ ಮಾತು ಯಾರಿಗೂ ಅರ್ಥವಾಗದು, ಅವನ ಸಿಟ್ಟು, ಸಂತೋಷ, ತುಂಟತನ ಮಾತ್ರ ಎಲ್ಲರಿಗೂ ಅರ್ಥವಾಗುತ್ತಿತ್ತು. ಕಿವಿಯನ್ನು ನಂಬದೆ ಕಣ್ಣಿಗೆ ಕಥೆ ಹೇಳುವ ಅಭ್ಯಾಸ ಹೀಗೆ ಆ ಮನೆತನಕ್ಕೆ ಅಂಟಿಕೊಂಡಿತು.

ಕುರಿ ಇನ್ನೂ ಬಂದಿಲ್ಲ. ಅದಕ್ಕೆ ನಿಕ್ ಪಾರ್ಕ್ ಬರಬೇಕು. ಲ್ಯಾಂಕಾಶೈರಿನ ಪ್ರೆಸ್ಟನ್‌ನಲ್ಲಿ 1958ರಲ್ಲಿ ಹುಟ್ಟಿದ ಈ ಹುಡುಗನ ತಂದೆ ಛಾಯಾಗ್ರಾಹಕ, ತಾಯಿ ಬಟ್ಟೆ ಹೊಲಿಯುವವರು. ಸುಮಾರು ಹದಿಮೂರನೆಯ ವಯಸ್ಸಿನಲ್ಲಿ ತಾಯಿಯ ಸಿನಿಮಾ ಕ್ಯಾಮೆರಾ ತೆಗೆದುಕೊಂಡು ಮನೆಯಲ್ಲೇ ಕಾರ್ಟೂನು ತೆಗೆಯಲು ಆರಂಭಿಸಿದವನು. ಮುಂದೆ ಸಿನಿಮಾ ಶಾಲೆಯಲ್ಲಿ ಓದುವಾಗ ಕೈಗೆತ್ತಿಕೊಂಡ ಒಂದು ಚಿತ್ರ ಮುಗಿಯುವ ಲಕ್ಷಣವೇ ಕಾಣಲಿಲ್ಲ. 1985ರಲ್ಲಿ ಆರ್ಡ್‌ಮನ್ ಸೇರಿ, 1989ರಲ್ಲಿ ಅದನ್ನು ಮುಗಿಸಿದರು. ಅದರಲ್ಲಿ ಯಂತ್ರಗಳ ಹುಚ್ಚಿನ ವಾಲೇಸ್ ಎಂಬ ಯಜಮಾನ, ಗ್ರಾಮಿಟ್ ಎಂಬ ಅವನ ನಾಯಿ. ಗ್ರಾಮಿಟ್‌ಗೆ ಮಾತು ಕೊಡಬೇಕೆಂದು ಮೊದಲು ಯೋಚಿಸಿದ್ದರಂತೆ. ಮಣ್ಣಿನ ಹುಬ್ಬನ್ನು ಚೂರು ಮೇಲೆ, ಚೂರು ಕೆಳಗೆ ಸರಿಸಿದರೆ ಸಾಕು, ಮನಸ್ಸಿನಲ್ಲಿರುವುದೆಲ್ಲ ಹೊರಬರುತ್ತದೆ ಎಂದು ಕೆಲಸ ಮಾಡುತ್ತಾ ಗೊತ್ತಾಯಿತು. ಮಾತು ಕೈಬಿಟ್ಟರು. ಆ ಮನೆಯಲ್ಲಿ ಬಾಯಿ ವಾಲೇಸನದು, ಬುದ್ಧಿ ಗ್ರಾಮಿಟ್‌ನದು.

ಈ ಜೋಡಿಯ ಮೂರನೆಯ ಚಿತ್ರ 'ಎ ಕ್ಲೋಸ್ ಶೇವ್'. 1995ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಿಂದಿನ ದಿನ ಬಿ.ಬಿ.ಸಿ.ಯಲ್ಲಿ ಬಂತು. ಊರಲ್ಲಿ ಉಣ್ಣೆಗೆ ಬರ, ಕುರಿಗಳು ಕಳುವಾಗುತ್ತಿವೆ. ಉಣ್ಣೆಯಂಗಡಿಯ ವೆಂಡೊಲೀನ್ ಎಂಬಾಕೆಯ ಮೇಲೆ ವಾಲೇಸನಿಗೆ ಮನಸ್ಸು; ಆಕೆಯ ನಾಯಿಯೇ ಕಳ್ಳ. ಕಳ್ಳನ ಲಾರಿಯಿಂದ ತಪ್ಪಿಸಿಕೊಂಡ ಒಂದು ಪುಟ್ಟ ಕುರಿ ವಾಲೇಸನ ಮನೆ ಹೊಕ್ಕುತ್ತದೆ. ಅದಕ್ಕೆ ಸ್ನಾನ ಮಾಡಿಸೋಣವೆಂದು ಅವನು ತನ್ನ ಹೊಸ ಯಂತ್ರದೊಳಗೆ ಬಿಟ್ಟರೆ, ಯಂತ್ರ ಕೆಟ್ಟು ಕುರಿಯ ಮೈಯನ್ನು ಪೂರ್ತಿ ಬೋಳಿಸಿ, ಅದೇ ಉಣ್ಣೆಯಲ್ಲಿ ಸ್ವೆಟರ್ ಹೆಣೆದುಬಿಡುತ್ತದೆ. ಪಾಪ, ಕುರಿ ತನ್ನದೇ ಉಣ್ಣೆಯ ಸ್ವೆಟರ್ ತೊಟ್ಟು ನಡುಗುತ್ತಾ ನಿಲ್ಲುತ್ತದೆ. ಹೆಸರು ಶಾನ್. ಉಣ್ಣೆ ಕತ್ತರಿಸಿಕೊಂಡದ್ದು ಎಂಬ ಅರ್ಥದ ಇಂಗ್ಲಿಷ್ ಮಾತಿಗೂ ಈ ಹೆಸರಿಗೂ ಅವರ ಉಚ್ಚಾರಣೆಯಲ್ಲಿ ವ್ಯತ್ಯಾಸವಿಲ್ಲ. ಇಡೀ ಚಿತ್ರದಲ್ಲಿ ಆ ಕುರಿಗೆ ಒಂದು ಮಾತೂ ಇಲ್ಲ. ಆದರೂ ಗ್ರಾಮಿಟ್ ಜೈಲು ಸೇರಿದಾಗ ಬಿಡಿಸಲು ಬರುವುದು ಅದೇ, ಕೊನೆಗೆ ಖಳನನ್ನು ಯಂತ್ರದೊಳಕ್ಕೆ ನೂಕುವುದೂ ಅದೇ. ಚಿತ್ರಕ್ಕೆ ಆಸ್ಕರ್ ಬಂತು. ಮಕ್ಕಳ ಬೆನ್ನಿನ ಮೇಲೆ ಶಾನ್ ಆಕಾರದ ಚೀಲಗಳು ಬಂದವು. ಮೂಲೆಯಲ್ಲಿದ್ದವನನ್ನು ಮಕ್ಕಳು ಗುರುತಿಸಿಬಿಟ್ಟಿದ್ದರು.

ಹಾಗೆಂದು ಸರಣಿ ಕೂಡಲೇ ಬರಲಿಲ್ಲ. ಹನ್ನೊಂದು ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯಿತು. ಈ ನಡುವೆ ಒಂದು ದುರಂತವೂ ಆಯಿತು. 2005ರ ಅಕ್ಟೋಬರ್ 10ರಂದು ಬ್ರಿಸ್ಟಲ್‌ನಲ್ಲಿ ಆರ್ಡ್‌ಮನ್‌ನವರ ಉಗ್ರಾಣಕ್ಕೆ ಬೆಂಕಿ ಬಿದ್ದು, ವರ್ಷಗಳಿಂದ ಜೋಪಾನವಾಗಿಟ್ಟಿದ್ದ ಬೊಂಬೆಗಳು, ಪುಟ್ಟ ಮನೆಗಳು, ಬೀದಿಗಳು ಬೂದಿಯಾದವು. ಎರಡು ದಿನದ ಹಿಂದಷ್ಟೇ ಪಾಕಿಸ್ತಾನ ಮತ್ತು ಕಾಶ್ಮೀರದಲ್ಲಿ ಭಾರೀ ಭೂಕಂಪ ಆಗಿತ್ತು. ಅದರ ಮುಂದೆ ನಮ್ಮ ನಷ್ಟ ದೊಡ್ಡದಲ್ಲ ಎಂಬರ್ಥದ ಮಾತನ್ನು ನಿಕ್ ಪಾರ್ಕ್ ಆಡಿದರು. ಬೊಂಬೆಗಳನ್ನೇ ಬದುಕು ಮಾಡಿಕೊಂಡ ಮನುಷ್ಯ ಬೊಂಬೆಗೂ ಬದುಕಿಗೂ ಇರುವ ಅಂತರವನ್ನು ಮರೆತಿರಲಿಲ್ಲ. ಮುಂದಿನ ಒಂದೂವರೆ ವರ್ಷದೊಳಗೆ, 2007ರ ಮಾರ್ಚ್ 5ರಂದು, ಶಾನ್‌ನ ಸರಣಿ ಬಿ.ಬಿ.ಸಿ.ಯ ಮಕ್ಕಳ ವಿಭಾಗದಲ್ಲಿ ಶುರುವಾಯಿತು. ಅದಕ್ಕೆ ಫಾರ್ಮನ್ನೂ ಮಂದೆಯನ್ನೂ ಹೊಂದಿಸಿ ರೂಪ ಕೊಟ್ಟವರು ರಿಚರ್ಡ್ ಸ್ಟಾರ್ಜಾಕ್. ಮೊದಲ ಸರಣಿಯಲ್ಲಿ 40 ಕಂತುಗಳು.

ಏಳು ನಿಮಿಷದ ಹಿಂದಿನ ಶ್ರಮವನ್ನೂ ನೋಡಬೇಕು. ಗೊಂಬೆಯೊಳಗೆ ಕೀಲುಗಳಿರುವ ಲೋಹದ ಅಸ್ಥಿಪಂಜರ. ಕೈಯನ್ನು ಒಂದಿಷ್ಟು ಸರಿಸಿ ಚಿತ್ರ ತೆಗೆಯಬೇಕು. ಮತ್ತೆ ಒಂದಿಷ್ಟು ಸರಿಸಿ ಮತ್ತೊಂದು. ಅಲ್ಲಿನ ಟಿ.ವಿ.ಗೆ ಸೆಕೆಂಡಿಗೆ 25 ಚಿತ್ರ. ಹಾಗೆ ಲೆಕ್ಕ ಹಾಕಿದರೆ ಏಳು ನಿಮಿಷಕ್ಕೆ 10,500 ಚಿತ್ರ. ಒಂದೊಂದು ಭಂಗಿಯನ್ನು ಎರಡೆರಡು ಬಾರಿ ಹಿಡಿದರೂ ಐದು ಸಾವಿರಕ್ಕೂ ಹೆಚ್ಚು ಸಲ ಗೊಂಬೆಯನ್ನು ಮುಟ್ಟಬೇಕು. ಇಡೀ ದಿನ ದುಡಿದರೆ ಒಬ್ಬ ಕಲಾವಿದನ ಕೈಯಲ್ಲಿ ಹುಟ್ಟುವುದು ಕೆಲವೇ ಸೆಕೆಂಡುಗಳ ಕಥೆ. ಇವರ ಚಿತ್ರಗಳನ್ನು ಗಮನವಿಟ್ಟು ನೋಡಿದರೆ ಮಣ್ಣಿನ ಮುಖಗಳ ಮೇಲೆ ಬೆರಳಿನ ಗುರುತು ಕಾಣಿಸುವುದುಂಟು. ತಟ್ಟಿದ ರೊಟ್ಟಿಯ ಮೇಲೆ ಅಮ್ಮನ ಬೆರಳು ಮೂಡಿರುತ್ತದಲ್ಲ, ಹಾಗೆ. ಹೊತ್ತು ಹೊತ್ತು ಕುಳಿತು ಒಂದೊಂದೇ ಹೊಲಿಗೆ ಹಾಕುವ ಹೆಂಗಸರಿಗೆ ಈ ಕೆಲಸದ ಬೆಲೆ ತಿಳಿಯುತ್ತದೆ. ನಿಕ್ ಪಾರ್ಕ್ ಒಬ್ಬ ಹೊಲಿಗೆಯವರ ಮಗ ಎಂಬುದು ನನಗೆ ಆಕಸ್ಮಿಕವೆನಿಸುವುದಿಲ್ಲ.

ಮಾತಿಲ್ಲದ ಈ ನಗೆಯ ಅರ್ಥ ನನಗೆ ಪೂರ್ತಿ ತಿಳಿದದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಏಳನೆಯ ತರಗತಿಯಲ್ಲಿ ಕಿವಿ ಸರಿಯಾಗಿ ಕೇಳಿಸದ ಹುಡುಗಿಯೊಬ್ಬಳಿದ್ದಳು. ಮಷೀನು ಹಾಕಿಕೊಳ್ಳುತ್ತಿದ್ದಳು, ಅದು ತಕ್ಕಮಟ್ಟಿಗೆ ನೆರವಾಗುತ್ತಿತ್ತು. ಪಾಠದಲ್ಲಿ ಜಾಣೆ, ಅಕ್ಷರ ಮುತ್ತಿನ ಹಾಗೆ. ಆದರೆ ತರಗತಿಯಲ್ಲಿ ಯಾರಾದರೂ ತಮಾಷೆ ಮಾಡಿ ಎಲ್ಲರೂ ನಕ್ಕಾಗ, ಅವಳು ಮೊದಲು ಪಕ್ಕದವಳ ಮುಖ ನೋಡುತ್ತಿದ್ದಳು, ಆಮೇಲೆ ನಗುತ್ತಿದ್ದಳು. ಒಂದು ಕ್ಷಣ ತಡವಾಗಿ ಬರುವ ಆ ನಗು ಎರವಲು ನಗು. ನನಗೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಪಾಠ ಕೇಳಿಸದಿದ್ದರೆ ಬರೆದು ತೋರಿಸಬಹುದು; ತಮಾಷೆಯನ್ನು ಬರೆದು ತೋರಿಸುವ ಹೊತ್ತಿಗೆ ಅದು ಆರಿದ ದೋಸೆ.

ಒಂದು ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳಿಗೆ ಶಾನ್‌ನ ಎರಡು ಕಂತು ತೋರಿಸಿದೆವು. ನಾನು ತೆರೆಯನ್ನು ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದೆ. ಅವಳು ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರ ಜೊತೆಯಲ್ಲೇ ನಕ್ಕಳು. ಒಮ್ಮೆಯಂತೂ, ಬೇಲಿಯ ಹಿಂದೆ ಏನೋ ಸರಿದದ್ದನ್ನು ಮಿಕ್ಕವರಿಗಿಂತ ಮೊದಲೇ ಕಂಡು ಒಬ್ಬಳೇ ಕಿಸಕ್ಕನೆ ನಕ್ಕಳು. ಆಗ ಪಕ್ಕದ ಹುಡುಗಿ ಇವಳ ಮುಖ ನೋಡಿದಳು, ಯಾಕೆ ನಕ್ಕೆ ಎಂದು!

1964ರಲ್ಲಿ ಅರ್ಸುಲಾ ಈಸನ್ ಮತ್ತು ಡೌಲಿಂಗ್ ಬಯಸಿದ್ದು ಇದನ್ನೇ ಅಲ್ಲವೇ? ಕಿವಿ ಕೇಳಿಸದ ಮಗುವಿಗೆ ಕರುಣೆ ತೋರಿಸುವುದು ಸುಲಭ. ಅದರ ಪಾಲಿನ ನಗುವನ್ನು ಸರಿಯಾದ ಹೊತ್ತಿಗೆ ತಲುಪಿಸುವುದು ಕಷ್ಟ. ಅದಕ್ಕೆ ಬುದ್ಧಿ ಬೇಕು, ತಾಳ್ಮೆ ಬೇಕು. ಹಾಗೆ ಬುದ್ಧಿ ಖರ್ಚು ಮಾಡಿದ್ದರ ಬಡ್ಡಿ ಇಂದಿಗೂ ಬರುತ್ತಿದೆ. ಮಾತಿಲ್ಲದ್ದರಿಂದ ಶಾನ್‌ಗೆ ಅನುವಾದ ಬೇಕಾಗಲಿಲ್ಲ. ನೂರಕ್ಕೂ ಹೆಚ್ಚು ದೇಶಗಳಿಗೆ ಇದ್ದ ಹಾಗೇ ಹೋಯಿತು. 2009ರಲ್ಲಿ ಪುಟಾಣಿ ಟಿಮ್ಮಿಯೂ ಬೇರೆ ಮನೆ ಮಾಡಿ, ಶಿಶುವಿಹಾರಕ್ಕೆ ಹೋಗುವ ತನ್ನ ಸರಣಿ ಪಡೆಯಿತು. 2015ರಲ್ಲಿ ಕುರಿ ಸಿನಿಮಾಕ್ಕೇ ಮರಳಿತು. ಈ ಸಲ ನಾಯಕನಾಗಿ. ಸುಮಾರು ಒಂದೂವರೆ ಗಂಟೆಯ ಆ ಚಿತ್ರದಲ್ಲೂ ಅರ್ಥವಾಗುವ ಒಂದು ಸಂಭಾಷಣೆಯಿಲ್ಲ. ಪಟ್ಟಣಕ್ಕೆ ಹೋಗಿ ನೆನಪು ಕಳೆದುಕೊಂಡ ರೈತ, ಕೈಗೆ ಮಾತ್ರ ಹಳೆಯ ಅಭ್ಯಾಸ ಉಳಿದು, ಜನರ ತಲೆಗೂದಲನ್ನು ಕುರಿಯ ಉಣ್ಣೆಯಂತೆ ಕತ್ತರಿಸಿ ದೊಡ್ಡ ಕೇಶವಿನ್ಯಾಸಕನಾಗಿಬಿಡುತ್ತಾನೆ. ಅವನ ಕಣ್ಣು ತಪ್ಪಿಸಿ ಆಡುತ್ತಿದ್ದ ಕುರಿಗಳೇ ಅವನನ್ನು ಹುಡುಕಿಕೊಂಡು ಹೋಗಿ ಮನೆಗೆ ಕರೆತರುತ್ತವೆ. ಅದು ಆಸ್ಕರ್ ಸ್ಪರ್ಧೆಯ ಪಟ್ಟಿಗೂ ಸೇರಿತು.

ಯಾರೋ ಕೆಲವರಿಗಾಗಿ ಎಂದು ಮಾಡಿದ್ದು ಕಡೆಗೆ ಎಲ್ಲರದೂ ಆಗುವುದನ್ನು ನಾವು ದಿನವೂ ನೋಡುತ್ತೇವೆ. ನಮ್ಮೂರ ಬ್ಯಾಂಕಿನ ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿಯವರಿಗೆಂದು ಇಳಿಜಾರು ಕಟ್ಟಿದರು. ಈಗ ಅದರ ಮೇಲೆ ಮಂಡಿನೋವಿನ ಅಜ್ಜಿಯರು ಹತ್ತುತ್ತಾರೆ, ಸೊಂಟದಲ್ಲಿ ಮಗು ಎತ್ತಿಕೊಂಡ ತಾಯಂದಿರು ಹತ್ತುತ್ತಾರೆ, ಬಿಸಿಲಲ್ಲಿ ದಣಿದು ಬಂದ ನಾನೂ ಹತ್ತುತ್ತೇನೆ. ತಿದ್ದಿ ಕಲಿಯುವ ವಿದ್ಯಾರ್ಥಿಗೆಂದು ಮಾಡಿದ ಮಣ್ಣು, ಕೇಳಿಸದ ಮಗುವಿಗೆಂದು ಮಾಡಿದ ತಮಾಷೆ, ಎರಡೂ ಸೇರಿ ಆದ ಕುರಿ ಇದು. ಮನೆಯ ಮಕ್ಕಳು ನೋಡುವಾಗ ಅಡುಗೆಮನೆಯಿಂದ ಬಂದು ಏಳು ನಿಮಿಷ ಜೊತೆಗೆ ಕೂತು ನೋಡಿ. ಒಲೆಯ ಮೇಲೆ ಕುಕ್ಕರ್ ಇದ್ದರೂ ಚಿಂತೆಯಿಲ್ಲ. ಎಷ್ಟು ಕೂಗಿದರೂ ಕಥೆಯ ಒಂದು ಮಾತೂ ತಪ್ಪಿಹೋಗುವುದಿಲ್ಲ.